ಮೇಷ್ಟರಾಗಿದ್ದ ಲೇಖಕರ ಜೀವನಚಿತ್ರವನ್ನು ಬರೆಯುವ ಬಗೆ: ಪಂಜೆಯವರ ನಿದರ್ಶನ

ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಗೋ ವಿಶ್ವಕೋಶಕ್ಕೋ ಅಧ್ಯಾಪಕ ಸಾಹಿತಿಯೊಬ್ಬರ ಜೀವನವನ್ನು ಬರೆಯುವವರು ಸಾಮಾನ್ಯವಾಗಿ ಕೃತಿಗಳಿಂದಲೂ ಪ್ರಶಸ್ತಿಗಳಿಂದಲೂ ಆರಂಭಿಸಿ, ಅವರ ಜೀವಮಾನದ ನೌಕರಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಮೊದಲು ಸಿದ್ಧಪಡಿಸಬೇಕಾದದ್ದು ವರ್ಗಾವಣೆಗಳ ಪಟ್ಟಿ. ವರ್ಷ, ಊರು, ಹುದ್ದೆ ಇವನ್ನು ಹಾಳೆಯ ಎಡಭಾಗದಲ್ಲಿ ಬರೆದುಕೊಂಡು, ಆಯಾ ಕಾಲದಲ್ಲಿ ಅಚ್ಚಾದ ಬರಹಗಳನ್ನು ಎದುರಿಗೆ ಗುರುತಿಸುತ್ತ ಹೋದರೆ ಬದುಕಿಗೂ ಬರಹಕ್ಕೂ ಇರುವ ನಂಟು ತಾನಾಗಿ ಕಾಣತೊಡಗುತ್ತದೆ.

ಕವಿ, ಕಥೆಗಾರ ಪಂಜೆ ಮಂಗೇಶರಾಯರನ್ನೇ (1874–1937) ನೋಡಿ. ಬಂಟ್ವಾಳದಲ್ಲಿ ಹುಟ್ಟಿದ, ಕೊಂಕಣಿ ಮನೆಮಾತಿನ ಅವರು ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ, ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದರು. ತುಳುನಾಡಿನ ಪಾಡ್ದನಗಳ (ಜನಪದ ಕಥನಗೀತೆಗಳ) ಅವಳಿ ವೀರರಾದ ಕೋಟಿ ಚೆನ್ನಯರನ್ನು ಕನ್ನಡ ಗದ್ಯಕ್ಕೆ ತಂದವರು ಅವರೇ. ಕೊಡಗಿನ ಸುಗ್ಗಿಯ ಹಬ್ಬವನ್ನು ಕುರಿತ ‘ಹುತ್ತರಿ ಹಾಡು’ ಬರೆದವರೂ ಅವರೇ. ಕರಾವಳಿಯವರೊಬ್ಬರಿಂದ ಕೊಡಗಿನ ಹಾಡು ಹುಟ್ಟಿದ್ದರ ಹಿಂದೆ ಸರ್ಕಾರಿ ನೌಕರಿಯಿತ್ತು ಎಂಬುದನ್ನು ಹೇಳದ ಜೀವನಚಿತ್ರವು ನನ್ನ ದೃಷ್ಟಿಯಲ್ಲಿ ಅಪೂರ್ಣ.

ದಾಖಲೆಗಳಿಗಾಗಿ ಸೇವಾ ಪುಸ್ತಕ, ಶಾಲೆಯ ಹಳೆಯ ಹಾಜರಿ ಪುಸ್ತಕ, ತಪಾಸಣೆಗೆ ಬಂದ ಅಧಿಕಾರಿಗಳು ಷರಾ ಬರೆದ ಪುಸ್ತಕ ಇವುಗಳನ್ನು ಕೇಳಬೇಕು. ರಾಜ್ಯಗಳ ಪುನರ್ವಿಂಗಡಣೆಯಾದ 1956ಕ್ಕಿಂತ ಹಿಂದಿನ ಸಂಗತಿಯಾದರೆ ಆ ಊರು ಯಾವ ಸರ್ಕಾರಕ್ಕೆ ಸೇರಿತ್ತೆಂಬುದನ್ನು ಮೊದಲೇ ತಿಳಿದುಕೊಳ್ಳಿ: ಪಂಜೆಯವರ ಕಾಲದಲ್ಲಿ ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದರೆ, ಕೊಡಗು ಚೀಫ್ ಕಮಿಷನರರ ಆಡಳಿತದ ಪ್ರತ್ಯೇಕ ಪ್ರಾಂತವಾಗಿತ್ತು.

ಪತ್ರಿಕೆಗಳನ್ನು ಹುಡುಕುವಾಗ ಕಾವ್ಯನಾಮಗಳನ್ನೂ ಜೊತೆಗಿಟ್ಟುಕೊಳ್ಳಬೇಕು. ‘ಕವಿಶಿಷ್ಯ’ ಎಂದೂ, ಹೆಸರಿನ ಅಕ್ಷರಗಳನ್ನು ತಿರುವಿ ‘ರಾ.ಮ.ಪಂ.’ ಎಂದೂ ಪಂಜೆಯವರು ಬರೆದಿರುವುದರಿಂದ, ಪೂರ್ಣ ಹೆಸರನ್ನು ಮಾತ್ರ ಅರಸಿದವರಿಗೆ ಅವರ ಎಷ್ಟೋ ಬರಹಗಳು ದಕ್ಕುವುದಿಲ್ಲ.

ಮಕ್ಕಳಿಗಾಗಿ ಬರೆದದ್ದನ್ನು ಕೊನೆಯ ಪ್ಯಾರಾಕ್ಕೆ ತಳ್ಳುವ ರೂಢಿಯನ್ನು ದಯವಿಟ್ಟು ಬಿಡಿ. ನಾಗರಹಾವನ್ನು ಕುರಿತ ಪಂಜೆಯವರ ಪದ್ಯವನ್ನು ಬಾಯಿಪಾಠ ಮಾಡಿ ಬೆಳೆದವರು ಇಂದಿಗೂ ಕನ್ನಡನಾಡಿನ ಮನೆಮನೆಯಲ್ಲಿದ್ದಾರೆ. ತರಗತಿಯನ್ನು ಬಲ್ಲವರಿಗಷ್ಟೇ ಒಲಿಯುವ ಲಯ ಅದರಲ್ಲಿದೆ. ಇಂಥ ಬರಹಗಳು ಮೊದಲು ಸೇರಿದ್ದ ಪಠ್ಯಪುಸ್ತಕಗಳನ್ನು ಗ್ರಂಥಾಲಯಗಳು ಕಾಪಾಡಿರುವುದು ಅಪರೂಪವಾದುದರಿಂದ ಹಳೆಯ ಮನೆಗಳ ಅಟ್ಟಗಳಲ್ಲಿ ವಿಚಾರಿಸುವುದು ಮೇಲು. ಸಿಕ್ಕ ಪ್ರತಿಯಲ್ಲಿ ಮುದ್ರಣದ ವರ್ಷ, ಯಾವ ತರಗತಿಗೆ ನಿಗದಿಯಾಗಿತ್ತು, ಪದ್ಯದ ಸಾಲುಗಳು ಇಂದಿನವಕ್ಕಿಂತ ಭಿನ್ನವಾಗಿವೆಯೇ ಎಂಬುದನ್ನು ಗುರುತು ಹಾಕಿಕೊಳ್ಳಬೇಕು.

ಪಂಜೆಯವರಿಗೆ ಸಂದ 1934ರ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯಂಥ ಗೌರವಗಳಿಗೆ ಒಂದೆರಡು ವಾಕ್ಯ ಸಾಕು.

ನೀವು ಬರೆಯುತ್ತಿರುವವರು ಇತ್ತೀಚಿನವರಾದರೆ ಅವರ ಶಿಷ್ಯರನ್ನು ಕಂಡು ಮಾತನಾಡಿ. ‘ನಿಮ್ಮ ಮೇಷ್ಟರು ಹೇಗಿದ್ದರು’ ಎಂದರೆ ಹೊಗಳಿಕೆಯಷ್ಟೇ ಸಿಗುತ್ತದೆ. ಯಾವ ಪಾಠವನ್ನು ಹೇಗೆ ಮಾಡುತ್ತಿದ್ದರು, ತಾವು ಬರೆದದ್ದನ್ನು ತರಗತಿಯಲ್ಲಿ ಓದುತ್ತಿದ್ದರೇ ಎಂದು ಕೇಳಿ, ಹೇಳಿದವರು ಓದಿದ ವರ್ಷಗಳನ್ನು ಶಾಲೆಯ ದಾಖಲಾತಿ ಪುಸ್ತಕದೊಡನೆ ಹೋಲಿಸಿದ ನಂತರವೇ ಬರಹಕ್ಕೆ ಸೇರಿಸಿ.