ಆರ್ಕಿಟೆಕ್ಚರ್‌ಗಾಗಿ ಒಂದು ವರ್ಷ ಡ್ರಾಪ್: ಮೊದಲು ಹದಿನಾಲ್ಕು ಹಾಳೆ ತುಂಬಿಸಿ

ಆರ್ಕಿಟೆಕ್ಚರ್ ಕಾಲೇಜು ಸೇರಲು ಬರೆಯುವ ಪ್ರವೇಶ ಪರೀಕ್ಷೆ ನಾಟಾ. ಅದನ್ನು ಮತ್ತೆ ಬರೆಯಲು ಯಾವ ಕಾಲೇಜಿಗೂ ಸೇರದೆ ಒಂದು ವರ್ಷ ಬಿಡುವುದೇ ಡ್ರಾಪ್. ಪ್ರತಿ ಜೂನ್‌ನಲ್ಲಿ ಪಿಯು ಮುಗಿಸಿದ ಇಬ್ಬರೋ ಮೂವರೋ ಮಕ್ಕಳು ಅಪ್ಪ ಅಮ್ಮನ ಜೊತೆ ನಮ್ಮ ಆಫೀಸಿಗೆ ಬರುತ್ತಾರೆ. ‘ನಾಟಾದಲ್ಲಿ ಕಮ್ಮಿ ಬಂತು ಸರ್, ಡ್ರಾಪ್ ತಗೊಳ್ಳಲಾ?’ ಎಂದು ಕೇಳುವ ಹೊತ್ತಿಗೆ ಅರ್ಧ ಜನ ಕೋಚಿಂಗ್‌ಗೆ ಅಡ್ವಾನ್ಸ್ ಕಟ್ಟಿಯೇ ಬಂದಿರುತ್ತಾರೆ. ರಸೀದಿ ಜೇಬಿನಲ್ಲಿಟ್ಟುಕೊಂಡು ಬಂದವರಿಗೆ ನಾನೇನು ಹೇಳಲಿ? ದುಡ್ಡು ಕಟ್ಟುವ ಮೊದಲು ಮಾಡಬೇಕಾದ ಕೆಲಸ ಇಷ್ಟಿದೆ.

1. ಈ ವರ್ಷ ನಿಜವಾಗಿ ಮುಗಿಯಿತೇ ನೋಡಿ

ನಾಟಾವನ್ನು ಒಂದು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು, ಹೆಚ್ಚು ಬಂದದ್ದೇ ಲೆಕ್ಕಕ್ಕೆ. ಪಿಯುಗೂ ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಒಂದೇ ಸಲ ಬರೆದು ‘ವರ್ಷ ಹೋಯ್ತು’ ಅನ್ನಬೇಡಿ.

2. ಅಂಕ ಎಲ್ಲಿ ಸೋರಿತು, ಲೆಕ್ಕ ಹಾಕಿ

ರಾಜ್ಯದ ಕಾಲೇಜುಗಳ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ರ‍್ಯಾಂಕಿಗೆ ಪಿಯು ಅಂಕ ಅರ್ಧ, ನಾಟಾ ಅರ್ಧ. ಪಿಯು 70%, ನಾಟಾದಲ್ಲಿ 200ಕ್ಕೆ 90 ಬಂದಿದೆ ಎನ್ನಿ: 35 ಮತ್ತು 22.5 ಸೇರಿ 57.5. ಮುಂದಿನ ವರ್ಷ ನಾಟಾ 120ಕ್ಕೆ ಏರಿದರೆ ಕೈಗೆ ಬರುವುದು ಬರೀ 7.5. ಪಿಯು 70ರಿಂದ 80ಕ್ಕೆ ಏರಿದರೆ 5. ಒಂದು ವರ್ಷದ ಬೆಲೆ ಇದು. ಕಳೆದ ಸಲ ನಿಮಗೆ ಬೇಕಾದ ಕಾಲೇಜಿನ ಸೀಟು ಯಾವ ರ‍್ಯಾಂಕಿಗೆ ಮುಗಿಯಿತು ಎಂಬುದರ ಪಕ್ಕ ಇದನ್ನಿಟ್ಟು ನೋಡಿ.

ನಾಟಾದೊಳಗೂ ಬಿಡಿಸಿ ನೋಡಬೇಕು. ಚಿತ್ರದ ಭಾಗ 80 ಅಂಕದ್ದು, ಕಂಪ್ಯೂಟರ್ ಮುಂದೆ ಬರೆಯುವುದು 120ರದ್ದು. ಕಂಪ್ಯೂಟರ್ ಭಾಗದಲ್ಲಿ ಎಡವಿದವರಿಗೆ ಇಡೀ ವರ್ಷ ಬೇಕಿಲ್ಲ, ಮೂರು ತಿಂಗಳು ಕೂತು ಓದಿದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೈ ತಯಾರಾಗಲು ಮಾತ್ರ ವರ್ಷ ಹಿಡಿಯುತ್ತದೆ.

3. ಹದಿನಾಲ್ಕು ದಿನ, ದಿನಕ್ಕೊಂದು ಹಾಳೆ

ಎಲ್ಲರೂ ಹಾರಿಸಿಬಿಡುವುದು ಇದನ್ನೇ. ಮನೆಯಲ್ಲಿ, ಯಾರ ಮೇಲ್ವಿಚಾರಣೆಯೂ ಇಲ್ಲದೆ, ಹದಿನಾಲ್ಕು ದಿನ ಚಿತ್ರ ಬರೆಯಿರಿ. ದಿನಾ ಒಂದೇ ಹೊತ್ತು, ಮುಂದೆ ಗಡಿಯಾರ, ಫೋನು ಬೇರೆ ಕೋಣೆಯಲ್ಲಿ. ಹಾಳೆಯ ಮೂಲೆಯಲ್ಲಿ ತಾರೀಖು ಹಾಕಲೇಬೇಕು. ರಬ್ಬರ್ ಮುಟ್ಟುವಂತಿಲ್ಲ.

ಪರೀಕ್ಷೆಯಲ್ಲಿ ಬಣ್ಣದ ಸಂಯೋಜನೆಗೆ 25, ಕಪ್ಪು ಬಿಳುಪು ಚಿತ್ರಕ್ಕೆ 25, ಅಲ್ಲೇ ಕೊಡುವ ಸಾಮಗ್ರಿಯಿಂದ ಮಾಡುವ ಮೂರು ಆಯಾಮದ ಆಕೃತಿಗೆ 30. ಅದಕ್ಕೆ ತಕ್ಕಂತೆ ಹಂಚಿಕೊಳ್ಳಿ. ಒಂದು ದಿನ ಅಡುಗೆಮನೆ ಗೋಡೆಯ ಹಲ್ಲಿಯ ಕಣ್ಣಿಗೆ ಕೆಳಗಿನ ಒಲೆ, ತಟ್ಟೆ, ಅಮ್ಮನ ತಲೆ ಹೇಗೆ ಕಾಣುತ್ತವೆ ಬರೆಯಿರಿ. ಮರುದಿನ ಸಂತೆಯಲ್ಲಿ ಟೊಮೆಟೊ ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮೇಲೆ ನೋಡಿದಂತೆ. ಅದರ ಮರುದಿನ ಹಳೇ ಲಗ್ನಪತ್ರಿಕೆಯ ರಟ್ಟು, ನೂಲು, ಖಾಲಿ ಬೆಂಕಿಪೊಟ್ಟಣ ಸೇರಿಸಿ, ಬೀಳದೆ ನಿಲ್ಲುವ ಏನಾದರೂ ಕಟ್ಟಿ, ಫೋಟೊ ತೆಗೆದು ಹಾಳೆಗೆ ಅಂಟಿಸಿ. ಹಾಳೆ ಸುಂದರವಾಗಿ ಕಾಣಬೇಕಿಲ್ಲ.

ಇಪ್ಪತ್ತನಾಲ್ಕು ಪೆನ್ಸಿಲ್ಲಿನ ‘ಆರ್ಕಿಟೆಕ್ಚರ್ ಕಿಟ್’ ಕೊಳ್ಳಬೇಡಿ. ಅದರಲ್ಲಿ ಇಪ್ಪತ್ತು ಕೊನೆವರೆಗೂ ಚೂಪಾಗೇ ಉಳಿಯುತ್ತವೆ. ಎರಡು 2ಬಿ, ಒಂದು 6ಬಿ ಸಾಕು. ಯೂಟ್ಯೂಬ್ ನೋಡಿ ಅದೇ ಬೆಟ್ಟ, ಅದೇ ಸೂರ್ಯ ಬರೆದ ಹಾಳೆ ಲೆಕ್ಕಕ್ಕಿಲ್ಲ.

ಕೊನೆಗೆ ಹಾಳೆಗಳನ್ನು ನೆಲದ ಮೇಲೆ ಹರಡಿ, ಮೊದಲು ಎಣಿಸಿ. ಹತ್ತಕ್ಕಿಂತ ಕಡಿಮೆ ಇದ್ದರೆ ಡ್ರಾಪ್ ಬೇಡ, ಸಿಕ್ಕ ಸೀಟಿಗೆ ಸೇರಿ. ಎರಡು ವಾರ ತನ್ನಷ್ಟಕ್ಕೆ ಕೂರಲಾರದವರು ನವೆಂಬರ್ ಹೊತ್ತಿಗೆ ಮಧ್ಯಾಹ್ನ ಮಲಗಿ ಸಂಜೆ ಕ್ರಿಕೆಟ್ ನೋಡುತ್ತಿರುತ್ತಾರೆ, ಕಣ್ಣಾರೆ ಕಂಡಿದ್ದೇನೆ. ಹತ್ತು ದಾಟಿದ್ದರೆ ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು, ಚಿತ್ರ ಬಲ್ಲ ಯಾರಿಗಾದರೂ ತೋರಿಸಿ, ಕೋಚಿಂಗ್‌ನವರಿಗೆ ಬೇಡ. ಸೀಟು ಮಾರುವವರು ಎಲ್ಲ ಮಕ್ಕಳಲ್ಲೂ ಪ್ರತಿಭೆ ಕಾಣುತ್ತಾರೆ.

4. ಯಾವ ಬಾಗಿಲಿಗೆ ಯಾವ ಪರೀಕ್ಷೆ

ಎನ್‌ಐಟಿ, ಎಸ್‌ಪಿಎ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಗಳಿಗೆ ನಾಟಾ ನಡೆಯದು, ಜೆಇಇ ಮೇನ್‌ನ ಎರಡನೇ ಪತ್ರಿಕೆ ಬೇಕು. ‘ಸುರತ್ಕಲ್‌ನಲ್ಲಿ ಆರ್ಕಿಟೆಕ್ಚರ್ ಮಾಡ್ತೀನಿ’ ಎಂದು ವರ್ಷ ಬಿಟ್ಟ ಹುಡುಗನೊಬ್ಬ ಬಂದಿದ್ದ, ಅಲ್ಲಿ ಬಿ.ಆರ್ಕ್ ಇಲ್ಲವೇ ಇಲ್ಲ. ಹತ್ತಿರದ್ದು ಕ್ಯಾಲಿಕಟ್, ತಿರುಚ್ಚಿ. ಐಐಟಿ ಆಸೆಯಿದ್ದರೆ, ಅಲ್ಲಿಗೆ ಬೇಕಾದ ಜೆಇಇ ಅಡ್ವಾನ್ಸ್ಡ್‌ಗೆ ಸತತ ಎರಡು ವರ್ಷ, ಎರಡೇ ಅವಕಾಶ. ಡ್ರಾಪ್ ವರ್ಷವೇ ಕೊನೆಯದು.

5. ಮನೆಯಲ್ಲಿ ಹೇಳಿ

ಕೋರ್ಸು ಐದು ವರ್ಷದ್ದು, ನಿಮಗೆ ಆರಾಗುತ್ತದೆ ಎಂದು ಬಿಡಿಸಿ ಹೇಳಿ. ಅಜ್ಜಿಗೆ ಇನ್ನೊಮ್ಮೆ ಹೇಳಿ.

6. ಡ್ರಾಪ್ ಎಂದೇ ಆದರೆ

ಬೆಳಿಗ್ಗೆ ಓದು, ಚಿತ್ರ. ಮಧ್ಯಾಹ್ನದ ಮೇಲೆ ವಾರಕ್ಕೆರಡು ದಿನ ಹತ್ತಿರದಲ್ಲಿ ಮನೆ ಕಟ್ಟುವ ಕಡೆ ಹೋಗಿ, ಮೇಸ್ತ್ರಿಯನ್ನು ಕೇಳಿಕೊಂಡು ಒಂದು ಮೂಲೆಯಲ್ಲಿ ನಿಲ್ಲಿ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಆಸರೆಗಿಟ್ಟ ಸೆಂಟ್ರಿಂಗ್ ಹಲಗೆ ಬಿಚ್ಚುವ ದಿನ ತಪ್ಪಿಸಬೇಡಿ.