ಸಿಟ್ಟಿಗೂ ಸೀಸನ್ ಟಿಕೆಟ್ ಬೇಡ: ಆಫೀಸಿನ ತಲೆಬಿಸಿ ಮನೆಯೊಳಗೆ ಬಾರದ ಹಾಗೆ ಮಾಡೋದು ಹೇಗೆ

ನಾನು ಕುಂಬಳೆಯಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವಳು. ಕಳೆದ ಮಳೆಗಾಲದ ಒಂದು ಸಂಜೆ, ಮಗ ಕೊಡೆಯನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದಾನೆ ಅಂತ ಗೊತ್ತಾಗಿ ಜಗಲಿಯಲ್ಲಿ ನಿಂತೇ ಕೂಗಾಡಿದೆ. ಕೊಡೆಯ ಬೆಲೆ ಇನ್ನೂರೈವತ್ತು ರೂಪಾಯಿ. ಕೂಗಿದ್ದು ಇಪ್ಪತ್ತು ಸಾವಿರದ್ದು. ಅತ್ತೆ ಒಳಗಿಂದ ಬಂದು, "ಈ ಸಿಟ್ಟಿಗೂ ಸೀಸನ್ ಟಿಕೆಟ್ ಮಾಡಿಸಿದ್ದೀಯಾ? ದಿನಾ ಮಂಗಳೂರಿಂದ ಕರ್ಕೊಂಡು ಬರ್ತೀಯಲ್ಲ" ಅಂದರು.

ಹೌದಲ್ವಾ. ಅವತ್ತು ಬೆಳಿಗ್ಗೆ ಮೀಟಿಂಗಿನಲ್ಲಿ ನನ್ನದೊಂದು ತಪ್ಪನ್ನು ಎಲ್ಲರೆದುರು ಎತ್ತಿ ಆಡಿದ್ದರು. ಅಲ್ಲಿ ನಕ್ಕು ಸುಮ್ಮನಾಗಿದ್ದೆ. ಆ ಸಿಟ್ಟು ನೇತ್ರಾವತಿ ದಾಟಿ, ಉಳ್ಳಾಲ, ಮಂಜೇಶ್ವರ, ಉಪ್ಪಳ ಎಲ್ಲ ದಾಟಿ ನನ್ನ ಜೊತೆಗೇ ಇಳಿದು ಆಟೋ ಹತ್ತಿತ್ತು. ಆಮೇಲೆ ಒಂದಷ್ಟು ಓದಿದೆ, ಒಂದಷ್ಟು ಮಾಡಿ ನೋಡಿದೆ. ನನಗೆ ಕೆಲಸಕ್ಕೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡಬೇಕಾದ್ದು ಆಫೀಸಿನಲ್ಲೇ, ಬ್ಯಾಗು ಹೆಗಲಿಗೆ ಹಾಕುವ ಮೊದಲು. ಅರ್ಧಕ್ಕೆ ನಿಂತ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಬರೀ ಪಟ್ಟಿ ಸಾಲದು, ಪ್ರತಿಯೊಂದರ ಮುಂದೆ ನಾಳೆ ಮೊದಲು ಏನು ಮಾಡುವುದು ಅಂತಲೂ ಬೇಕು. "ಜಿಎಸ್‌ಟಿ ಫೈಲು" ಅಂತ ಬರೆದರೆ ಅದು ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತದೆ. "ಹತ್ತು ಗಂಟೆಗೆ ಆಡಿಟರಿಗೆ ಫೋನ್" ಅಂತ ಬರೆದರೆ ಸುಮ್ನೆ ಇರುತ್ತದೆ. 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ತೋರಿಸಿದ್ದರು: ಕೆಲಸ ಮುಗಿಯಬೇಕೆಂದೇನಿಲ್ಲ, ಹೇಗೆ ಮುಗಿಸುವುದು ಅಂತ ಗಟ್ಟಿಯಾಗಿ ಗೊತ್ತು ಮಾಡಿಕೊಂಡರೂ ಅದು ತಲೆಯೊಳಗೆ ಕುಟುಕುವುದು ಕಡಿಮೆಯಾಗುತ್ತದೆ.

ಇನ್ನು ರೈಲು. ತಲೆಬಿಸಿ ಮಾಡ್ಬೇಡ ಅಂತ ಯಾರಾದರೂ ಹೇಳಿದ ಕೂಡಲೇ ತಲೆಬಿಸಿ ಹೋದದ್ದುಂಟಾ? ಅದಕ್ಕೆ ಉಲ್ಟಾ ಮಾಡಿ. ತಲೆಬಿಸಿ ಮಾಡುವುದಕ್ಕೆಂದೇ ಹೊತ್ತು ಇಟ್ಟುಕೊಳ್ಳಿ. 1983ರಲ್ಲಿ ಅಮೆರಿಕದ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು ವಿಪರೀತ ಚಿಂತೆ ಮಾಡುವವರಿಗೆ ಹೇಳಿಕೊಟ್ಟ ಉಪಾಯ ಇದು: ದಿನಕ್ಕೆ ಅರ್ಧ ಗಂಟೆ, ಅದೇ ಹೊತ್ತು, ಅದೇ ಜಾಗ. ನಡುವೆ ಚಿಂತೆ ಬಂದರೆ "ಈಗಲ್ಲ, ಆಗ ನೋಡುವ" ಅಂತ ಮುಂದಕ್ಕೆ ಹಾಕುವುದು. ನನ್ನ ಜಾಗ ಕಿಟಕಿ ಪಕ್ಕ, ನೇತ್ರಾವತಿ ಸೇತುವೆಯಿಂದ ಉಪ್ಪಳದವರೆಗೆ. ಸೀಟು ಸಿಗದ ದಿನ ಬಾಗಿಲ ಬಳಿ ನಿಂತೇ ಆಗುತ್ತದೆ. ಉಪ್ಪಳದಲ್ಲಿ ನಿಲ್ಲಿಸುವುದು. ಮೊದಲ ವಾರ ಇದು ದೊಡ್ಡ ತಮಾಷೆ ಅನಿಸಿತು. ಮೂರನೇ ವಾರದಲ್ಲಿ ಮಂಜೇಶ್ವರ ಬರುವ ಮೊದಲೇ ಚಿಂತೆ ಮಾಡುವುದಕ್ಕೆ ಏನೂ ಉಳಿಯದೆ ಕಡಲೆ ತಿಂದುಕೊಂಡು ಕೂತಿದ್ದೆ. ಮಲಗುವ ಹೊತ್ತನ್ನು ಮಾತ್ರ ಇದಕ್ಕೆ ಇಟ್ಟುಕೊಳ್ಳಬೇಡಿ, ನಿದ್ದೆ ಕೆಡುತ್ತದೆ.

ಆ ಅರ್ಧ ಗಂಟೆಯಲ್ಲಿ ಮಾಡುವುದೇನು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇಲ್ಲಿದೆ. ನಮ್ಮ ಕಡೆ "ಬೇಜಾರು" ಅಂತ ಒಂದು ಶಬ್ದ ಉಂಟು, ತುಳುವಿನಲ್ಲೂ ಅದೇ. ಕರೆಂಟು ಹೋದರೂ ಬೇಜಾರು, ತೀರಿಕೊಂಡವರ ಮನೆಗೆ ಹೋಗಿ ಬಂದರೂ ಬೇಜಾರು, ಮದುವೆಗೆ ಕರೆಯಲಿಲ್ಲ ಅಂದರೂ ಬೇಜಾರು, ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು. ಒಳ್ಳೆಯ ಶಬ್ದವೇ, ಆದರೆ ಎಲ್ಲವನ್ನೂ ತುರುಕಿದ ಚೀಲದ ಹಾಗೆ. ಹಾಗಾಗಿ ಬೇಜಾರು ಅಂತ ಅನಿಸಿದಾಗ ಅಲ್ಲಿಗೇ ನಿಲ್ಲಬೇಡಿ, ಚೀಲದ ಬಾಯಿ ಬಿಚ್ಚಿ. ಅವಮಾನವಾ? ಭಯವಾ? ಬರೀ ಸುಸ್ತಾ? ಹೊಟ್ಟೆಕಿಚ್ಚಾ? ಅಥವಾ ಮಧ್ಯಾಹ್ನ ಸರಿಯಾಗಿ ಊಟ ಆಗಲಿಲ್ಲ, ಅಷ್ಟೇನಾ? ಸಿಟ್ಟು, ಭಯ ತೋರಿಸುವ ಮುಖಗಳ ಫೋಟೋ ನೋಡಿ ಆ ಭಾವಕ್ಕೆ ಹೆಸರಿಟ್ಟವರಲ್ಲಿ, ಭಯ, ಸಿಟ್ಟು ಬಂದಾಗ ಚುರುಕಾಗುವ ಅಮಿಗ್ಡಲಾ ಎಂಬ ಮೆದುಳಿನ ಭಾಗ ತಣ್ಣಗಾಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಸ್ಕ್ಯಾನ್ ಮಾಡಿಯೇ ತೋರಿಸಿದ್ದಾರೆ.

ಹೆಸರು ಸಿಕ್ಕಿದರೆ ದಾರಿಯೂ ಬೇರೆಯಾಗುತ್ತದೆ. ನನ್ನ ಗೆಳತಿಯೊಬ್ಬಳು ಕಾಸರಗೋಡಿನ ಒಂದು ಕಚೇರಿಯಲ್ಲಿದ್ದಾಳೆ. ಓದಿದ್ದೆಲ್ಲ ಕನ್ನಡ ಮೀಡಿಯಂ, ಮನೆಯಲ್ಲಿ ತುಳು, ಫೈಲು ಪೂರ್ತಿ ಮಲಯಾಳ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗಡಿ ಗೆರೆ ಎಳೆದವರಿಗೆ ಇವಳ ಫೈಲಿನ ಚಿಂತೆ ಇರಲಿಲ್ಲ ಬಿಡಿ. "ಕೆಲಸವೇ ಬೇಜಾರು, ಬಿಟ್ಟುಬಿಡ್ತೇನೆ" ಅಂತ ವರ್ಷಗಟ್ಟಲೆ ಹೇಳುತ್ತಿದ್ದಳು. ಒಂದು ದಿನ ಕೂತು ಬಿಚ್ಚಿ ನೋಡಿದರೆ ಕೆಲಸ ಅವಳಿಗೆ ಇಷ್ಟವೇ. ಇದ್ದದ್ದು ಭಯ, ಮಲಯಾಳದಲ್ಲಿ ತಪ್ಪು ಬರೆದು ನಗೆಪಾಟಲಾಗುವ ಭಯ. ಈಗ ಪಕ್ಕದ ಟೇಬಲಿನವರಿಗೆ ಕರಡು ತೋರಿಸಿಯೇ ಕಳಿಸುತ್ತಾಳೆ. ಕೆಲಸ ಬಿಡುವ ಮಾತು ಮತ್ತೆ ಬಂದಿಲ್ಲ.

ಮನೆ ಮುಟ್ಟಿದ ಮೇಲಿನ ಹತ್ತು ನಿಮಿಷ ಬಹಳ ಸೂಕ್ಷ್ಮ. ಇದಕ್ಕೆ ನಮ್ಮ ಊರಿನ ಪದ್ಧತಿಯೇ ಸಾಕು. ನೆಂಟರು ಬಂದರೆ ಏನು ಮಾಡುತ್ತೇವೆ? ಕಾಲಿಗೆ ನೀರು, ಕುಡಿಯಲು ನೀರು, ಒಂದು ತುಂಡು ಬೆಲ್ಲ. ಅದು ಆಗುವವರೆಗೆ ಬಂದ ವಿಷಯ ಏನು ಅಂತ ಕೇಳುವುದಿಲ್ಲ. ಬಿಸಿಲಲ್ಲಿ ನಡೆದು ಬಂದವರಿಗೆ ದಣಿವು ಆರಬೇಕು ಅಂತ ಹಿರಿಯರಿಗೆ ಗೊತ್ತಿತ್ತು. ದಿನಾ ದಣಿದು ಬರುವ ನಮ್ಮ ಮನೆಯವರಿಗೆ ಮಾತ್ರ ಯಾಕೆ ಬಾಗಿಲಲ್ಲೇ ಗ್ಯಾಸ್ ಬುಕ್ಕಿಂಗು, ಶಾಲೆಯ ಫೀಸು? ನಮ್ಮಲ್ಲಿ ಈಗ ಕಟ್ಟುನಿಟ್ಟು: ಯಾರೇ ಬರಲಿ, ಕಾಲು ತೊಳೆದು, ನೀರು ಬೆಲ್ಲ ಆಗುವವರೆಗೆ ಯಾವ ಫಿರ್ಯಾದಿಯೂ ಇಲ್ಲ. ಬಂದವರಿಗೂ ಒಂದು ನಿಯಮ, ಫೋನು ಮೇಜಿನ ಮೇಲೆ. ಮನೆಗೆ ಕಾಲಿಟ್ಟ ಕೂಡಲೇ ಅಡುಗೆಮನೆ ಕಾಯುವ ಹೆಂಗಸರಿಗೆ ಹತ್ತು ನಿಮಿಷ ಯಾರು ಕೊಡುತ್ತಾರೆ ಅಂತ ನೀವು ಕೇಳಬಹುದು. ಯಾರೂ ತಾವಾಗಿ ಕೊಡುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ರಜೆಯ ದಿನ, ಎಲ್ಲರ ಹೊಟ್ಟೆ ತುಂಬಿರುವಾಗ ಕೇಳಿ. ಸಿಟ್ಟಿನ ನಡುವೆ ಕೇಳಿದರೆ ಅದೂ ಜಗಳದ ಲೆಕ್ಕಕ್ಕೇ ಸೇರುತ್ತದೆ.

ಆಮೇಲೆ ಹೇಳಿಕೊಳ್ಳಬೇಕು ಅನಿಸಿದರೆ ಹೇಳಿ. ಕೇಳುವವರು ಮೊದಲೇ ಒಂದು ಮಾತು ಕೇಳಿಬಿಡಿ: "ನಾನು ಸುಮ್ನೆ ಕೇಳ್ಬೇಕಾ, ದಾರಿ ಹೇಳ್ಬೇಕಾ?" ನಮ್ಮನೆಯವರಿಗೆ ಎಲ್ಲದಕ್ಕೂ ತಕ್ಷಣ ದಾರಿ ಹೇಳುವ ಚಟ. ಈ ಒಂದು ಪ್ರಶ್ನೆಯಿಂದ ನಮ್ಮ ಅರ್ಧ ಜಗಳ ತಪ್ಪಿದೆ.

ಒಂದು ಎಚ್ಚರಿಕೆ. ಆಫೀಸಿನಲ್ಲಿ ದಿನಾ ಬೈಗುಳ, ಸಂಬಳ ಸರಿಯಾಗಿ ಇಲ್ಲ, ಕಿರುಕುಳ ಅಂತಿದ್ದರೆ ಅದನ್ನು ಬೆಲ್ಲ ತಿಂದು ಸಹಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಸರಿಯಾಗಬೇಕಾದ್ದು ಆಫೀಸು, ನಿಮ್ಮ ಮನಸ್ಸಲ್ಲ. ಇನ್ನು ಎರಡು ವಾರ ದಾಟಿದರೂ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ, ಹಸಿವು ಕೆಟ್ಟರೆ, ಮೊದಲು ಇಷ್ಟವಿದ್ದದ್ದು ಯಾವುದೂ ಬೇಡವಾದರೆ ಡಾಕ್ಟರನ್ನು ನೋಡಲೇಬೇಕು. ಬದುಕುವುದೇ ಬೇಡ ಅನಿಸಿದರೆ ಎರಡು ವಾರ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, ನಂಬರು 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಶುರು ಮಾಡಿದ್ದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಭಾಷೆಯನ್ನೂ ಆರಿಸಿಕೊಳ್ಳಬಹುದು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ, ನಂಬರು 1056.

ನಾನು ಇದನ್ನೆಲ್ಲ ದಿನಾ ಸರಿಯಾಗಿ ಮಾಡುತ್ತೇನೆ ಅಂದುಕೊಳ್ಳಬೇಡಿ. ರೈಲು ತಡವಾಗಿ ಬಂದ ದಿನ ಚೀಟಿ, ಕಿಟಕಿ ಎಲ್ಲ ಮರೆತುಹೋಗುತ್ತದೆ. ಆದರೆ ಮಗ ಕಲಿತಿದ್ದಾನೆ. ಮೊನ್ನೆ ಜಗಲಿಯಲ್ಲೇ ಕಾಯುತ್ತಿದ್ದ. "ಅಮ್ಮಾ, ಮೊದ್ಲು ಬೆಲ್ಲ ತಿನ್ನು. ಆಮೇಲೆ ಒಂದು ವಿಷಯ ಹೇಳ್ಲಿಕ್ಕುಂಟು" ಅಂದ. ಈ ಸಲ ಹೋದದ್ದು ನೀರಿನ ಬಾಟಲಿ.