ಊರಿಗೆ ಮರಳುವ ಮುನ್ನ ಮೂರು ಕೋವಿ ಮಾರಿದ್ದು

2023ರ ಅಕ್ಟೋಬರ್, ಶನಿವಾರ ಬೆಳಿಗ್ಗೆ. ಪೆನ್ಸಿಲ್ವೇನಿಯಾದಲ್ಲಿ, ಹ್ಯಾರಿಸ್‌ಬರ್ಗಿನಿಂದ ಮುಕ್ಕಾಲು ಗಂಟೆ ದೂರದಲ್ಲಿ, ಗನ್ ಶೋ, ಅಂದರೆ ಕೋವಿಗಳ ಸಂತೆ, ನಡೆಯುವ ಒಂದು ದೊಡ್ಡ ಶೆಡ್ಡಿನ ಮುಂದೆ ಸಾಲಿನಲ್ಲಿ ನಿಂತಿದ್ದೆ. ಹೆಗಲಲ್ಲಿ ರೆಮಿಂಗ್ಟನ್ 700 ರೈಫಲ್, ಕೈಚೀಲದಲ್ಲಿ ಮಾಸ್‌ಬರ್ಗ್ ಶಾಟ್‌ಗನ್, ಸಣ್ಣ ಪೆಟ್ಟಿಗೆಯಲ್ಲಿ ರೂಗರ್ .22 ಪಿಸ್ತೂಲು. ರೈಫಲಿನ ನಳಿಗೆಗೆ ಒಂದು ಕಡ್ಡಿ ಸಿಕ್ಕಿಸಿ, ಅದರ ತುದಿಗೆ ಬೆಲೆ ಬರೆದ ಚೀಟಿ ಅಂಟಿಸಿದ್ದೆ. ಮೇಜು ಬಾಡಿಗೆಗೆ ಹಿಡಿಯದೆ ಮಾರಲು ಬರುವವರು ಇಲ್ಲಿ ಹೀಗೇ ಓಡಾಡುತ್ತಾರೆ. ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆಯಲ್ಲಿ) ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಗೆ ತೋಕ್‌ಪೂ, ಅಂದರೆ ಕೋವಿ ಹೂ, ಸಿಕ್ಕಿಸುತ್ತಿದ್ದದ್ದು ನೆನಪಾಗಿ ಎದೆ ಭಾರವಾಯಿತು.

ಬಾಗಿಲಲ್ಲಿ ಒಬ್ಬ ಹಿರಿಯರು ಮೂರನ್ನೂ ಬಿಚ್ಚಿ ನೋಡಿದರು. ತೋಟೆ ಇಲ್ಲ ಎಂದು ಬೆರಳಿಟ್ಟು ಖಚಿತ ಮಾಡಿಕೊಂಡು, ಬೋಲ್ಟ್ ಮುಚ್ಚದ ಹಾಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಒಳಗೆ ಬಿಟ್ಟರು.

ಗ್ರೀನ್ ಕಾರ್ಡ್ ಬಂದ ವರ್ಷ, 2006ರಲ್ಲಿ, ನಾನು ಆ ರೈಫಲ್ ಕೊಂಡಿದ್ದು. ಜಿಂಕೆ ಬೇಟೆ ಶುರುವಾಗುವ ಸೋಮವಾರ ಶಾಲೆಗಳಿಗೇ ರಜೆ ಕೊಡುವ ರಾಜ್ಯ ಇದು (2019ರಿಂದ ಆ ಮೊದಲ ದಿನ ಶನಿವಾರಕ್ಕೆ ಬಂದಿದೆ). ಕೊಡಗಿನಲ್ಲಿ ಹುಟ್ಟಿದವನಿಗೆ ಇಲ್ಲಿ ಬೇಗ ಹೊಂದಿಕೆಯಾಯಿತು. ಈಗ ಅಮ್ಮನಿಗೆ ವಯಸ್ಸಾಗಿದೆ, ತೋಟ ನೋಡುವವರಿಲ್ಲ, ಊರಿಗೆ ಹೊರಟಿದ್ದೆ. ಅಂಗಡಿಯವರು ರೈಫಲಿಗೆ 250 ಡಾಲರ್ ಹೇಳಿದರು. ಗನ್ ಶೋದಲ್ಲಿ ನಾಲ್ಕುನೂರರ ಮೇಲೆ ಸಿಗುತ್ತದೆ ಎಂದು ಬೇಟೆಯ ಗೆಳೆಯರು ಹೇಳಿದ್ದಕ್ಕೆ ಇಲ್ಲಿಗೆ ಬಂದೆ.

ಬರುವ ಮೊದಲು ಎರಡು ವಾರ ಕೂತು ಕಾನೂನು ಓದಿದೆ. ಪರವಾನಗಿ ಇಲ್ಲದ ನಾನು ಮಾರಬಹುದೇ ಎನ್ನುವುದೇ ಮೊದಲ ಪ್ರಶ್ನೆ. 1968ರ ಗನ್ ಕಂಟ್ರೋಲ್ ಕಾಯ್ದೆಯ ಪ್ರಕಾರ ಕೋವಿ ವ್ಯಾಪಾರ ಮಾಡುವವನಿಗೆ ಕೇಂದ್ರದ ಲೈಸೆನ್ಸ್ ಬೇಕು. ಅಪರೂಪಕ್ಕೊಮ್ಮೆ ಮಾರುವುದು, ತನ್ನ ಸ್ವಂತ ಸಂಗ್ರಹವನ್ನು ಮಾರಿ ಮುಗಿಸುವುದು ವ್ಯಾಪಾರವಲ್ಲ ಎಂದು 1986ರ ತಿದ್ದುಪಡಿ ಹೇಳಿತು. 2022ರ ತಿದ್ದುಪಡಿ ‘ಜೀವನೋಪಾಯಕ್ಕಾಗಿ’ ಎಂಬ ಮಾತು ತೆಗೆದು, ಮುಖ್ಯವಾಗಿ ಲಾಭಕ್ಕಾಗಿ ಮಾರಿದರೂ ಅದು ವ್ಯಾಪಾರವೇ ಎಂದು ಬಿಗಿ ಮಾಡಿತು. ವರ್ಷಕ್ಕೆ ಇಷ್ಟು ಕೋವಿ ಮಾರಬಹುದು ಎಂಬ ಲೆಕ್ಕ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಐದು ಮಾರಿದರೆ ಪರವಾಗಿಲ್ಲ, ಹತ್ತಾದರೆ ತಪ್ಪು ಎಂದು ಶೋಗಳಲ್ಲಿ ಕೇಳುವ ಮಾತನ್ನು ನಂಬಬೇಡಿ. ಲಾಭಕ್ಕೆಂದು ಕೊಂಡು ಮಾರುವವನು ಕೆಲವೇ ಕೋವಿಗಳಿಗೂ ಸಿಕ್ಕಿಬೀಳಬಹುದು. ಲೈಸೆನ್ಸ್ ಇಲ್ಲದ ವ್ಯಾಪಾರಕ್ಕೆ ಐದು ವರ್ಷದವರೆಗೆ ಜೈಲು. ನನ್ನ ಮೂರೂ ಸ್ವಂತ ಬಳಕೆಗೆ ಕೊಂಡವು, ಹದಿನೇಳು ವರ್ಷ ಬಳಸಿದವು, ನಷ್ಟಕ್ಕೆ ಮಾರುತ್ತಿರುವವು. ಆ ಬಗ್ಗೆ ಮನಸ್ಸು ಹಗುರಾಯಿತು.

‘ಗನ್ ಶೋ ಲೂಪ್‌ಹೋಲ್’ ಎಂಬ ಮಾತು ಸುದ್ದಿಯಲ್ಲಿ ಕೇಳಿದವರು, ಆ ಶೆಡ್ಡಿನೊಳಗೆ ಬೇರೆಯದೇ ಕಾನೂನು ನಡೆಯುತ್ತದೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಪಕ್ಕದ ಮೇಜಿನ ಲೈಸೆನ್ಸ್‌ದಾರ ತನ್ನ ಅಂಗಡಿಯಲ್ಲಿ ಮಾಡುವುದನ್ನೆಲ್ಲ ಇಲ್ಲೂ ಮಾಡಬೇಕು: ಕೊಳ್ಳುವವನಿಂದ 4473 ಎಂಬ ಕೇಂದ್ರದ ಖರೀದಿ ನಮೂನೆ ತುಂಬಿಸಬೇಕು, ಹಿನ್ನೆಲೆ ತಪಾಸಣೆ ಮಾಡಿಸಬೇಕು. ನನ್ನಂಥ ಖಾಸಗಿಯವನಿಗೆ ಕೇಂದ್ರ ಕಾನೂನು ಇದನ್ನು ಕೇಳುವುದಿಲ್ಲ, ಶೋದಲ್ಲೂ ಕೇಳುವುದಿಲ್ಲ, ನನ್ನ ಮನೆಯ ಜಗಲಿಯಲ್ಲೂ ಕೇಳುವುದಿಲ್ಲ. 1998ರ ನವೆಂಬರ್‌ನಲ್ಲಿ ಶುರುವಾದ ಎಫ್‌ಬಿಐನ ತಪಾಸಣಾ ವ್ಯವಸ್ಥೆಗೆ ನಾನೇ ಫೋನ್ ಮಾಡಿ ಕೇಳುತ್ತೇನೆ ಎಂದರೂ ದಾರಿ ಇಲ್ಲ, ಲೈಸೆನ್ಸ್‌ದಾರನ ಮೂಲಕವೇ ಹೋಗಬೇಕು.

ಹಾಗೆಂದು ಕೈ ಬೀಸಿಕೊಂಡು ಮಾರುವ ಹಾಗೂ ಇಲ್ಲ. ಬೇರೆ ರಾಜ್ಯದ ನಿವಾಸಿಗೆ ನೇರವಾಗಿ ಕೊಡಬಾರದು. ಕೋವಿ ಇಟ್ಟುಕೊಳ್ಳಬಾರದವನು ಎಂದು ಗೊತ್ತಿದ್ದರೆ, ಅಥವಾ ಹಾಗೆ ನಂಬಲು ತಕ್ಕ ಕಾರಣವಿದ್ದರೆ ಕೊಡಬಾರದು. ಕೊಟ್ಟರೆ 2022ರಿಂದ ಹದಿನೈದು ವರ್ಷದವರೆಗೆ ಶಿಕ್ಷೆ.

ಇದರ ಮೇಲೆ ರಾಜ್ಯದ ಕಾನೂನು. ನನ್ನ ಪಿಸ್ತೂಲಿಗೂ ರೈಫಲಿಗೂ ದಾರಿ ಬೇರೆಯಾಗುವುದು ಇಲ್ಲೇ. ಪೆನ್ಸಿಲ್ವೇನಿಯಾದಲ್ಲಿ ನಳಿಗೆ 15 ಇಂಚಿಗಿಂತ ಗಿಡ್ಡವಿರುವ ಪಿಸ್ತೂಲು, ರಿವಾಲ್ವರುಗಳನ್ನು ಖಾಸಗಿಯವರು ಮಾರಿದರೂ ಲೈಸೆನ್ಸ್‌ದಾರನ ಬಳಿ ಅಥವಾ ಕೌಂಟಿ ಶೆರಿಫ್ ಕಚೇರಿಯಲ್ಲೇ ಕೈ ಬದಲಾಗಬೇಕು. ಗಂಡ-ಹೆಂಡತಿ, ತಂದೆತಾಯಿ-ಮಕ್ಕಳು, ಅಜ್ಜಅಜ್ಜಿ-ಮೊಮ್ಮಕ್ಕಳ ನಡುವೆ ಮಾತ್ರ ವಿನಾಯಿತಿ. ಮಾಮೂಲಿ ಉದ್ದದ ರೈಫಲ್, ಶಾಟ್‌ಗನ್‌ಗಳನ್ನು ಇದೇ ರಾಜ್ಯದ ವಯಸ್ಕನಿಗೆ ತಪಾಸಣೆಯಿಲ್ಲದೆ ಕೈಯಿಂದ ಕೈಗೆ ಕೊಡಬಹುದು.

ಮೊದಲು ಬಂದದ್ದು ಮೇರಿಲ್ಯಾಂಡಿನ ಒಬ್ಬರು. ರೈಫಲ್ ತಿರುಗಿಸಿ ನೋಡಿ, ನಗದು ಎಣಿಸತೊಡಗಿದರು. ಚಾಲನಾ ಪರವಾನಗಿ ಕೇಳಿ ನೋಡಿದೆ, ಆಗಲ್ಲ ಎಂದೆ. ಇಲ್ಲಿನ ಡೀಲರ್ ಮೂಲಕ, ಎರಡೂ ರಾಜ್ಯಗಳ ಕಾನೂನಿಗೆ ಹೊಂದುವಂತಿದ್ದರೆ ರೈಫಲ್ ಕೊಳ್ಳಬಹುದಿತ್ತು. ಅವರಿಗೆ ತಾಳ್ಮೆ ಇರಲಿಲ್ಲ.

ಒಂಬತ್ತೂವರೆಗೆ ಗೋಣಿಕೊಪ್ಪದ ಮೇಸ್ತ್ರಿಯ ಫೋನ್ ಬಂತು, ಮಾಡಿನ ಹೆಂಚಿನ ವಿಷಯ. ಮಾತು ಮುಗಿಸಿ ತಿರುಗಿದರೆ ಎದುರಿಗೆ ಇಪ್ಪತ್ತಾರು-ಇಪ್ಪತ್ತೇಳರ ಹುಡುಗ, ಮುಖ ಅರಳಿಸಿಕೊಂಡು ನಿಂತಿದ್ದಾನೆ.

“ಅಣ್ಣಾ, ಕನ್ನಡದವ್ರಾ ನೀವು? ನಂದು ಅರಸೀಕೆರೆ.”

ಊರು ಕೇಳಿದ ಮೇಲೆ ನಾವೆಲ್ಲ ಮುಂದೆ ಏನು ಕೇಳುತ್ತೇವೆ? ಯಾವ ಕಂಪನಿ, ಬಂದು ಎಷ್ಟು ವರ್ಷವಾಯಿತು, ವೀಸಾ ಯಾವುದು. ಎಚ್-1ಬಿ ಅಂದ. ಎರಡು ವರ್ಷವಾಯಿತು ಅಂದ. ಹೇಳುತ್ತ ಹೇಳುತ್ತ ಶಾಟ್‌ಗನ್ನಿಗೆ ಕೈ ಚಾಚಿದ. ನಾನು ಚೀಲದ ಜಿಪ್ ಎಳೆದು ಮುಚ್ಚಿದೆ.

“ನಮ್ಮೋರೇ ಸಿಕ್ಕಿದ್ರಲ್ಲ ಅಣ್ಣ, ನನಗೇ ಕೊಟ್ಬಿಡಿ. ಕ್ಯಾಶ್ ಇದೆ. ಉದ್ದದ್ದಕ್ಕೆ ಪೇಪರ್ ಏನೂ ಬೇಡ ಅಂತ ಅಲ್ಲಿ ಯಾರೋ ಅಂದ್ರು.”

“ಪೇಪರ್ ಬೇಡ ಅನ್ನೋದು ನಿಜಾನೇ. ಆದ್ರೆ ನಿನಗೆ ಕೊಡೋ ಹಾಗಿಲ್ಲ ಕಣಪ್ಪ.”

ಅವನ ಮುಖ ಬಾಡಿತು. ಪಕ್ಕಕ್ಕೆ ಕರೆದು ಒಂದು ಕಾಫಿ ಕೊಡಿಸಿ ಹೇಳಿದೆ. ಎಚ್-1ಬಿ (ಉದ್ಯೋಗ), ಎಫ್-1 (ವಿದ್ಯಾರ್ಥಿ), ಬಿ-2 (ಪ್ರವಾಸಿ) ಇಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಕೊಳ್ಳುವುದೂ ಇಟ್ಟುಕೊಳ್ಳುವುದೂ ಕೇಂದ್ರ ಕಾನೂನಿನಲ್ಲಿ ಅಪರಾಧ. ಅಂಥವರಿಗೆ ಗೊತ್ತಿದ್ದು ಕೊಟ್ಟವನೂ ಅಪರಾಧಿ. ಅವನ ಚಾಲನಾ ಪರವಾನಗಿ ನೋಡಿ ಪೆನ್ಸಿಲ್ವೇನಿಯಾದವನು ಎಂದು ಒಬ್ಬ ಅಮೆರಿಕನ್ ಕೊಟ್ಟುಬಿಡಬಹುದಿತ್ತು. ನನಗೆ ಅವನ ವೀಸಾ ಅವನ ಬಾಯಿಂದಲೇ ಗೊತ್ತಾಗಿತ್ತು. ಗೊತ್ತಿಲ್ಲ ಎನ್ನುವ ಬಾಗಿಲು ನಮ್ಮೊಳಗೆ ಮಾತಾಡಿಕೊಂಡ ಕ್ಷಣಕ್ಕೇ ಮುಚ್ಚಿತ್ತು.

“ಮೊನ್ನೆ ಫ್ರೆಂಡ್ಸ್ ಜೊತೆ ರೇಂಜಿಗೆ ಹೋಗಿದ್ವಲ್ಲ ಅಣ್ಣ, ಬಾಡಿಗೆ ಗನ್ ತಗೊಂಡು ಹೊಡೆದ್ವಿ. ಯಾರೂ ಏನೂ ಅನ್ನಲಿಲ್ಲ.”

ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದೂ ಇಟ್ಟುಕೊಂಡ ಹಾಗೆಯೇ ಎಂದು ಎಟಿಎಫ್, ಅಂದರೆ ಬಂದೂಕುಗಳ ಉಸ್ತುವಾರಿ ನೋಡುವ ಕೇಂದ್ರ ಸಂಸ್ಥೆ, ಸ್ಪಷ್ಟವಾಗಿ ಹೇಳುತ್ತದೆ. ವಾರಾಂತ್ಯಕ್ಕೆ ರೇಂಜಿಗೆ ಹೋಗಿ ಕೋವಿ ಹಿಡಿದು ಫೋಟೊ ಹಾಕುವ ನಮ್ಮ ಎಷ್ಟು ಹುಡುಗರಿಗೆ ಇದು ಗೊತ್ತಿದೆ? ಕೇಸು ಬಿದ್ದರೆ ಜೈಲಿನ ಮಾತು ಹಾಗಿರಲಿ, ವೀಸಾವೇ ಹೋಗುತ್ತದೆ. ಇದನ್ನು ಬರೆಯಲು ಕೂತಿದ್ದೇ ಮುಖ್ಯವಾಗಿ ಈ ಒಂದು ವಿಷಯಕ್ಕೆ.

ಕಾನೂನು ಒಂದು ದಾರಿ ಬಿಟ್ಟಿದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ಇದ್ದರೆ ತಾತ್ಕಾಲಿಕ ವೀಸಾದವರಿಗೂ ವಿನಾಯಿತಿ ಇದೆ. ಪೆನ್ಸಿಲ್ವೇನಿಯಾದಲ್ಲಿ ಮೊದಲ ಸಲ ಲೈಸೆನ್ಸ್ ತೆಗೆದುಕೊಳ್ಳುವವರು ಬೇಟೆಯ ಸುರಕ್ಷತಾ ತರಗತಿ ಮುಗಿಸಿರಬೇಕು. “ಮೊದಲು ಅದನ್ನ ಮಾಡು. ಆಮೇಲೆ ಅಂಗಡಿಗೇ ಹೋಗಿ ತಗೋ, ಖಾಸಗಿಯವರ ಹತ್ರ ಬೇಡ” ಎಂದು ನನ್ನ ನಂಬರ್ ಕೊಟ್ಟು ಕಳಿಸಿದೆ. ಅರ್ಧ ಕಾಫಿ ಬಿಟ್ಟು ಎದ್ದು ಹೋದ.

ಅಷ್ಟೊತ್ತಿಗೆ ಒಂದು ತೀರ್ಮಾನಕ್ಕೆ ಬಂದಿದ್ದೆ. ಅವನಂತೆ ಇನ್ನೊಬ್ಬರು ತಮ್ಮ ವಿಷಯ ಹೇಳಿಕೊಳ್ಳದೆ ಬಂದರೆ ನನಗೆ ಹೇಗೆ ತಿಳಿಯಬೇಕು? 1999ರಲ್ಲಿ ಕೊಲೊರಾಡೊದ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿಸಿದ ಇಬ್ಬರು ಹುಡುಗರ ಬಳಿ ಇದ್ದ ನಾಲ್ಕರಲ್ಲಿ ಮೂರು ಉದ್ದ ನಳಿಗೆಯವು. ಹದಿನೆಂಟು ತುಂಬಿದ್ದ ಒಬ್ಬ ಗೆಳತಿ ಗನ್ ಶೋದಲ್ಲಿ ಖಾಸಗಿ ಮಾರಾಟಗಾರರಿಂದ ಅವನ್ನು ಕೊಂಡುಕೊಟ್ಟಿದ್ದಳು. ಮರುವರ್ಷ ಕೊಲೊರಾಡೊದ ಮತದಾರರೇ ಮತ ಹಾಕಿ, ತಮ್ಮ ರಾಜ್ಯದ ಗನ್ ಶೋಗಳಲ್ಲಿ ಎಲ್ಲ ಮಾರಾಟಕ್ಕೂ ತಪಾಸಣೆ ಕಡ್ಡಾಯ ಮಾಡಿದರು. ಪೆನ್ಸಿಲ್ವೇನಿಯಾ ಉದ್ದ ಕೋವಿಗೆ ಅದನ್ನು ಮಾಡಿಲ್ಲ. ಮಾಡಬೇಕು ಎಂದು ಕೋವಿಯ ನಡುವೆಯೇ ಬೆಳೆದ ನಾನು ಹೇಳುತ್ತೇನೆ. ಮಾಡದಿದ್ದರೂ ನನ್ನ ಮೂರೂ ಡೀಲರ್ ಮೂಲಕವೇ ಹೋಗಲಿ ಎಂದುಕೊಂಡೆ.

ಹಾಗೆ ಹೇಳಿದ ಕೂಡಲೇ ಇಬ್ಬರು ಹೊರಟುಹೋದರು. ಒಬ್ಬರು, “ನಿನಗೆ ಕಾನೂನು ಗೊತ್ತಿಲ್ಲ” ಎಂದರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೈನುಗಾರ ಮಗನನ್ನು ಕರೆದುಕೊಂಡು ಬಂದು, ತಕರಾರಿಲ್ಲದೆ ಫಾರಂ ತುಂಬಿ, 425 ಡಾಲರಿಗೆ ರೈಫಲ್ ತೆಗೆದುಕೊಂಡರು. ಶಾಟ್‌ಗನ್ ಅಂದು ಹೋಗಲಿಲ್ಲ. ಆಮೇಲೆ ಅಂಗಡಿಗೇ ಕಡಿಮೆಗೆ ಕೊಟ್ಟೆ.

ಪಿಸ್ತೂಲಿಗೆ ಬಂದವರು ನಿವೃತ್ತ ನರ್ಸ್. ಹಗುರ ಇದೆ, ಹಿಡಿತ ಚೆನ್ನಾಗಿದೆ ಎಂದು ಮೆಚ್ಚಿದರು. ಯಾರಿಗೆ ಎಂದು ಕೇಳಿದೆ. ತಮಗೇ, ವಾರಕ್ಕೊಮ್ಮೆ ಗುರಿ ಅಭ್ಯಾಸಕ್ಕೆ ಎಂದರು. ಈ ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳಿದೆ. ತನ್ನ ದುಡ್ಡಲ್ಲಿ ಕೊಂಡು ನಿಜವಾಗಿ ಉಡುಗೊರೆ ಕೊಡುವುದು ಸರಿ. ಇನ್ನೊಬ್ಬನ ದುಡ್ಡಿಗೆ ತನ್ನ ಹೆಸರು ಕೊಡುವುದು ತಪ್ಪು. ವರ್ಜೀನಿಯಾದ ಒಬ್ಬ ಮಾಜಿ ಪೊಲೀಸ್ ಅಧಿಕಾರಿ ಪೆನ್ಸಿಲ್ವೇನಿಯಾದಲ್ಲಿದ್ದ ಮಾವನಿಂದ 400 ಡಾಲರ್ ಚೆಕ್ ಪಡೆದು ಗ್ಲಾಕ್ ಪಿಸ್ತೂಲು ಕೊಂಡು, ನಿಜವಾದ ಖರೀದಿದಾರ ತಾನೇ ಎಂದು 4473ರಲ್ಲಿ ಬರೆದಿದ್ದರು. ಆ ಮಾವನಿಗೂ ಕೋವಿ ಇಟ್ಟುಕೊಳ್ಳುವ ಹಕ್ಕು ಪೂರ್ತಿ ಇತ್ತು. ಆದರೂ ಅದು ಅಪರಾಧವೇ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರಲ್ಲಿ ತೀರ್ಪು ಕೊಟ್ಟಿತು.

ಡೀಲರ್ ಮೇಜಿನಲ್ಲಿ ಆ ನರ್ಸ್ 4473 ತುಂಬಿದರು, ರಾಜ್ಯದ ಮಾರಾಟ ದಾಖಲೆಯನ್ನೂ ತುಂಬಿದರು. ಡೀಲರ್ ರಾಜ್ಯ ಪೊಲೀಸರ ತಪಾಸಣಾ ವ್ಯವಸ್ಥೆಗೆ ವಿವರ ಕಳಿಸಿ, “ಒಪ್ಪಿಗೆ ಬರೋ ತನಕ ನೀವು ಇಲ್ಲೇ ಇರಿ” ಎಂದು ನನಗೆ ಹೇಳಿದರು. ಕಾರಣ ಕೇಳಿದೆ. ನಾನು ಪಿಸ್ತೂಲು ಬಿಟ್ಟು ಹೊರಗೆ ಹೋದರೆ ಅವರು ಅದನ್ನು ತಮ್ಮ ಪುಸ್ತಕಕ್ಕೆ ಹತ್ತಿಸಿಕೊಳ್ಳಬೇಕು. ಅಕಸ್ಮಾತ್ ನರ್ಸ್‌ಗೆ ನಿರಾಕರಣೆ ಬಂದರೆ, ನನ್ನದೇ ಪಿಸ್ತೂಲು ವಾಪಸ್ ಪಡೆಯಲು ನಾನೇ ಫಾರಂ ತುಂಬಿ ತಪಾಸಣೆಗೆ ಒಳಗಾಗಬೇಕು. ನಲವತ್ತು ನಿಮಿಷ ನಿಂತೆ. ಒಪ್ಪಿಗೆಯ ಸಂಖ್ಯೆ ಬಂತು. ಆಮೇಲೆಯೇ ದುಡ್ಡು ಮುಟ್ಟಿದೆ.

ಅದರ ಜೊತೆಗೆ, ಕಾನೂನು ಕೇಳದಿದ್ದರೂ, ಒಂದೊಂದಕ್ಕೂ ಕ್ರಯದ ಚೀಟಿ ಬರೆದುಕೊಂಡೆ: ತಾರೀಖು, ಮಾಡೆಲ್, ಸೀರಿಯಲ್ ನಂಬರ್, ಇಬ್ಬರ ಹೆಸರು, ಸಹಿ. ಎಲ್ಲೋ ಒಂದು ಕೋವಿ ಅಪರಾಧದಲ್ಲಿ ಸಿಕ್ಕರೆ, ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗಿನಲ್ಲಿರುವ ಎಟಿಎಫ್ ಕೇಂದ್ರ ತಯಾರಕನಿಂದ ಶುರುಮಾಡಿ, ಸಗಟು ವ್ಯಾಪಾರಿ, ಅಂಗಡಿ ಹಿಡಿದು ಮೊದಲು ಕೊಂಡವನ ತನಕ ಜಾಡು ತೆಗೆಯುತ್ತದೆ. ಆ ಮೊದಲು ಕೊಂಡವನು ನಾನೇ. ಕೊಡಗಿನಲ್ಲಿ ಕೂತಿರುವಾಗ ಅಂಥ ಪ್ರಶ್ನೆ ಬಂದರೆ ತೋರಿಸಲು ಕಾಗದ ಬೇಕಲ್ಲ. ಮೈಸೂರಿನಲ್ಲಿದ್ದ ದೊಡ್ಡಪ್ಪ ಲೈಸೆನ್ಸಿನ ಜೋಡಿ ನಳಿಗೆ ಕೋವಿ ಮಾರಿದಾಗ, ಕೊಳ್ಳುವವರ ಹೆಸರು-ವಿಳಾಸ ಬರೆದು ಠಾಣೆಗೆ ಕೊಟ್ಟು 45 ದಿನ ಕಾದಿದ್ದರು. 1959ರ ನಮ್ಮ ಆಯುಧ ಕಾಯ್ದೆ ಹಾಗೆ ಹೇಳುತ್ತದೆ. ಆಗ ಅದು ಅತಿಯಾಯಿತು ಎನಿಸಿತ್ತು.

ಹೊರಡುವ ವಾರ ಅರಸೀಕೆರೆಯ ಹುಡುಗನ ಮೆಸೇಜ್ ಬಂತು. ತರಗತಿ ಮುಗಿಸಿ ಹಂಟಿಂಗ್ ಲೈಸೆನ್ಸ್ ತೆಗೆದುಕೊಂಡಿದ್ದ. ಅಂಗಡಿಗೆ ಏನೇನು ಒಯ್ಯಬೇಕು ಎಂದು ಕೇಳಿದ್ದ. ಲೈಸೆನ್ಸಿನ ಜೊತೆ ಐ-94 (ಅಮೆರಿಕದೊಳಗೆ ಬಂದ ದಾಖಲೆ) ನಂಬರನ್ನೂ ಇಟ್ಟುಕೋ ಎಂದು ಬರೆದೆ. ಪೆನ್ಸಿಲ್ವೇನಿಯಾದ ಹಂಟಿಂಗ್ ಲೈಸೆನ್ಸ್ ಜೂನ್ 30ಕ್ಕೆ ಮುಗಿಯುತ್ತದೆ, ಜುಲೈ 1ರಂದು ಹೊಸದು ಕೈಯಲ್ಲಿಲ್ಲದಿದ್ದರೆ ಮನೆಯಲ್ಲಿರುವ ಕೋವಿಯೇ ಅಪರಾಧವಾಗುತ್ತದೆ, ಫೋನಿನಲ್ಲಿ ಈಗಲೇ ಅಲಾರಂ ಇಟ್ಟುಕೋ ಎಂದು ಇನ್ನೊಂದು ಮೆಸೇಜ್ ಕಳಿಸಿದೆ. ಅಲಾರಂ ಇಟ್ಟ ಸ್ಕ್ರೀನ್‌ಶಾಟ್ ಎರಡೇ ನಿಮಿಷದಲ್ಲಿ ಬಂತು.